ಅಪ್ಪ ಮುಳುಗಿಸುತ್ತಿದ್ದ ಇಳಿಜಾರು

ಥಾರ್ನ್‌ಕೂಂಬ್, ಎಕ್ಸ್‌ಮೂರ್
ಫೆಬ್ರವರಿ ೨೧, ೧೯೬೧

ತಮ್ಮಾ ಈನೋಸ್,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟು ಹಾಲು ಕರೆಯಲು ಕೂತ ನನ್ನ ಕೈಗೆ ಪೆನ್ನು ತುರುಕಿ, ‘ದೊಡ್ಡಮ್ಮ, ನೀನೇ ಬರೀಬೇಕು, ನಾನ್ ಬರೆದ್ರೆ ಮಾವ ಓದಲ್ಲ’ ಎಂದು ಹೇಳಿ ಹೋಗಿದ್ದಾನೆ ನಮ್ಮ ತಂಗಿ ಎಡಿತ್‌ಳ ಮಗ ಡೆನ್ಜಿಲ್. ತಾನು ಮಾತ್ರ ಹೊರಗೆ ಟ್ರ್ಯಾಕ್ಟರಿನ ಕೆಳಗೆ ಮಲಗಿ ಸಿಳ್ಳೆ ಹಾಕುತ್ತಿದ್ದಾನೆ. ನಿನ್ನ ಕೆಮ್ಮು ಹೇಗಿದೆ? ಸ್ವಾನ್ಸಿಯ ಹೊಗೆ ಕುಡಿದರೆ ಕೆಮ್ಮದೆ ಇನ್ನೇನಾಗುತ್ತದೆ. ಹವೆ ತಿಳಿಯಾಗಿದ್ದ ದಿನ ಗುಡ್ಡ ಹತ್ತಿದರೆ ಕಡಲಿನಾಚೆ ಆ ಹೊಗೆ ನನಗೇ ಕಾಣುತ್ತದೆ. ಇಷ್ಟು ಹತ್ತಿರವಿದ್ದೂ ನಲವತ್ತು ವರ್ಷದಲ್ಲಿ ಒಮ್ಮೆಯೂ ಈ ದಡಕ್ಕೆ ಕಾಲಿಡಲಿಲ್ಲ ನೀನು. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ.

ಮನೆಯ ಹಿಂದಿನ ಇಳಿಜಾರು ನಮ್ಮಿಬ್ಬರ ಹೆಸರಿನಲ್ಲಿದೆಯಲ್ಲ, ವಿಷಯ ಅದರದ್ದೇ. ಬುಲ್ಡೋಜರ್ ತರಿಸಿ, ಅಪ್ಪನ ಕಾಲುವೆಗಳನ್ನೆಲ್ಲ ಮುಚ್ಚಿ, ಸಮ ಮಾಡಿ ಉಳಬೇಕೆಂದು ಡೆನ್ಜಿಲ್ ಹಟ ಹಿಡಿದಿದ್ದಾನೆ. ನೀನಂತೂ ವಾರದೊಳಗೆ ಸಹಿ ಹಾಕಿ ಕಳಿಸಿದೆ. ಜೊತೆಗೆ ಒಂದೇ ಸಾಲು: ‘ಆ ಜಾಗ ಅಳಿಸಿ ಹೋಗಲಿ.’ ನನ್ನ ಸಹಿ ಬಾಕಿಯಿದೆ. ಹಾಕಿಲ್ಲ. ನಿನ್ನನ್ನು ಕೇಳದೆ ಹಾಕುವುದಿಲ್ಲ ಎಂದೆ, ಅದಕ್ಕೇ ಅವನು ಈ ಪೆನ್ನು ತುರುಕಿದ್ದು. ‘ಆ ಗೀರುಗಳಿಂದ ಟ್ರ್ಯಾಕ್ಟರು ಮಗುಚ್ತದೆ ದೊಡ್ಡಮ್ಮ. ನೀರು ಹರಿದು ಐವತ್ತು ವರ್ಷ ಆಯ್ತು, ಯಾರಿಗ್ ಬೇಕು ಅದು?’ ಎನ್ನುತ್ತಾನೆ. ‘ಮಗುಚಿದ್ರೆ ಮಗುಚ್ಲಿ, ನಿನ್ ಸಿಳ್ಳೆನಾದ್ರೂ ನಿಲ್ಲತ್ತೆ’ ಎಂದೆ.

ನೀರು ಹರಿಯುವುದಿಲ್ಲ ಎಂದನಲ್ಲ, ಕೇಳು. ಹತ್ತು ದಿನದ ಹಿಂದೆ ಅಳತೆಯವನೊಬ್ಬ ಬಂದು ಇಳಿಜಾರಿನುದ್ದಕ್ಕೂ ಕೆಂಪು ಗೂಟ ಬಡಿದು ಹೋದ. ಮರುದಿನ ಬೆಳಿಗ್ಗೆ ಮಂಜು ಹೆಪ್ಪುಗಟ್ಟಿ ಗುಡ್ಡವೆಲ್ಲ ಬೆಳ್ಳಗಿತ್ತು. ಮೇಲಿನ ಕಾಲುವೆಯ ಕೆಳಗೆ ಮಾತ್ರ ಉದ್ದಕ್ಕೆ ಹಸಿರು ಪಟ್ಟಿ. ಅಪ್ಪ ಕಾಲುವೆಗೆ ಅಡ್ಡಲಾಗಿ ಹುಲ್ಲು ಸಮೇತ ಕಡಿದ ಮಣ್ಣಿನ ಹೆಂಟೆ ಇಟ್ಟು, ನೀರು ಅಂಚು ಮೀರಿ ಇಳಿಜಾರಿನ ಮೇಲೆ ತೆಳ್ಳಗೆ ಹರಿಯುವಂತೆ ಮಾಡುತ್ತಿದ್ದರಲ್ಲ, ಹರಿಯುವ ನೀರಿನಡಿ ಹುಲ್ಲು ಹೆಪ್ಪುಗಟ್ಟದೆ ನಮ್ಮ ಕುರಿಮರಿಗಳಿಗೆ ಊರಿಗಿಂತ ಮೊದಲೇ ಮೇವು ಸಿಗುತ್ತಿತ್ತಲ್ಲ, ಅದೇ ಹಸಿರು. ಹತ್ತಿ ನೋಡಿದೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ತೊರೆಯಿಂದ ಕಾಲುವೆಗೆ ನೀರು ಬರುವ ಬಾಯಿಗೆ ಹೆಂಟೆ ಜಡಿದು ನೀರು ನಿಲ್ಲಿಸಿದ್ದವಳು ನಾನು. ಆ ಜಾಗದಲ್ಲಿ ಹೆಂಟೆ ತೆಗೆದು, ಹುಲ್ಲಿನ ಮುಖ ಕೆಳಗೆ ಮಾಡಿ ಪಕ್ಕದಲ್ಲಿ ಜೋಡಿಸಿತ್ತು. ಹಾಗೆ ಜೋಡಿಸುತ್ತಿದ್ದುದು ಅಪ್ಪ ಒಬ್ಬರೇ. ಡೆನ್ಜಿಲ್ ಮುಟ್ಟಿಲ್ಲ, ಹೆಂಟೆಗೆ ಮುಖ ಯಾವುದು ಬೆನ್ನು ಯಾವುದು ಎಂದೇ ಅವನಿಗೆ ತಿಳಿಯದು. ಮೂರು ಸಲ ಮುಚ್ಚಿದೆ. ಮೂರು ಸಲವೂ ತೆರೆದಿತ್ತು. ನಿನ್ನೆ ಹಾಡುಹಗಲಲ್ಲಿ ಬಟ್ಟೆ ಒಣಹಾಕುವಾಗ ಸಲಿಕೆಯ ಬೆನ್ನಿನಿಂದ ಹೆಂಟೆ ತಟ್ಟುವ ಸದ್ದು ಕೇಳಿತು. ಗುಡ್ಡದಲ್ಲಿ ಯಾರೂ ಇರಲಿಲ್ಲ. ನಾಯಿ ಬಾಲ ಮಡಚಿ ನನ್ನ ಲಂಗದ ಹಿಂದೆ ಬಂದು ನಿಂತಿತು. ಅರಳುಮರಳು ಎನ್ನಬೇಡ. ಕಿವಿ ನೆಟ್ಟಗಿದೆ.

ನೀರು ಹಾಯಿಸುವುದಕ್ಕೆ ನಮ್ಮಲ್ಲಿ ‘ಮುಳುಗಿಸೋದು’ ಎನ್ನುತ್ತಿದ್ದೆವು. ಬೆರಳು ಮುಳುಗದ ನೀರಲ್ಲಿ ಏನು ಮುಳುಗಿಸುತ್ತೀರಿ ಎಂದು ಹೊರಗಿನವರು ನಗುತ್ತಿದ್ದರು. ಆ ಫೆಬ್ರವರಿ ಮಧ್ಯಾಹ್ನ ಅಪ್ಪ ಮೇಲಿನ ಕಾಲುವೆಗೆ ಹೋಗಿದ್ದರು. ನಿನಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಅಪ್ಪ ಮುಳುಗಿದಾರೆ’ ಎಂದೆ ನೀನು. ‘ಮುಳುಗಿಸಿದಾರೆ ಅನ್ನೋ, ಬೊಚ್ಚುಬಾಯಿ! ಬೂಟು ಬಿಚ್ಚಿ ಊಟಕ್ಕೆ ಕೂತ್ಕೋ’ ಎಂದೆ ನಾನು. ಅಮ್ಮ ನಕ್ಕಳು. ಎಲ್ಲರೂ ಉಂಡೆವು. ನೀನು ಅಳುತ್ತಲೇ ಉಂಡೆ. ಆಮೇಲೆ ಹೋದರೆ ಅಪ್ಪ ಕಾಲುವೆಯೊಳಗೆ ಮೊಣಕಾಲೆತ್ತರದ ನೀರಿನಲ್ಲಿ ಬೋರಲು ಬಿದ್ದಿದ್ದರು. ಸ್ವಲ್ಪ ಮುಂಚೆ ಎತ್ತಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು. ಹುಡುಗ ಒಂದು ಅಕ್ಷರ ನುಂಗಿದ್ದಕ್ಕೆ ಮನೆಯ ಯಜಮಾನನೇ ಹೋದ ಎಂದು ಊರೆಲ್ಲ ಆಡಿಕೊಂಡಿತು. ಸಾಯುವವರೆಗೂ ಅಮ್ಮ ನೀನು ಬಾಯಿ ತೆರೆದರೆ ಮುಖ ತಿರುಗಿಸುತ್ತಿದ್ದಳು. ಹದಿನೇಳನೇ ವಯಸ್ಸಿಗೆ ನೀನು ಹಡಗು ಹತ್ತಿದೆ.

ಕೈ ನೋಯುತ್ತಿದೆ. ನಿನ್ನ ಹೆಂಡತಿಗೆ ನೆನೆಸಿದೆನೆಂದು ಹೇಳು, ಮೊಮ್ಮಕ್ಕಳ ತಲೆ ಸವರು. ದೇವರು ನಿನ್ನ ಎದೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಥರ್ಜಾ

ಮತ್ತೆ: ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ಈನೋಸ್, ನೀನು ಅಕ್ಷರ ನುಂಗಿರಲಿಲ್ಲ. ನೀನು ಸರಿಯಾಗಿ ಹೇಳಿದೆ, ನನಗೆ ಸರಿಯಾಗಿಯೇ ಕೇಳಿತು. ನಿನ್ನ ಎರಡು ತೋಳೂ ಹೆಗಲತನಕ ಒದ್ದೆಯಾಗಿದ್ದವು. ನೀನೊಬ್ಬನೇ ಅವರನ್ನು ಎತ್ತಲು ನೋಡಿದ್ದೀಯೆಂದು ಆಗಲೇ ತಿಳಿಯಿತು. ಅದು ನಿಜವಾಗುವುದು ನನಗೆ ಬೇಡವಾಗಿತ್ತು, ಅದಕ್ಕೇ ನಿನ್ನ ಮಾತು ತಿದ್ದಿದೆ. ತಿದ್ದಿದ ಮೇಲೆ ಬಾಯಿ ಏಳಲಿಲ್ಲ, ಐವತ್ತು ವರ್ಷ. ಬರುವ ಭಾನುವಾರ ಚಾಪೆಲ್‌ನಲ್ಲಿ ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ. ತಪ್ಪು ನಿನ್ನದೆಂದು ಆ ಜಾಗ ಅಳಿಸಲು ಹೊರಟಿದ್ದರೆ, ಅದು ನಿನ್ನದಲ್ಲ. ಇಷ್ಟು ತಿಳಿದ ಮೇಲೂ ಅಳಿಸು ಎಂದರೆ ಸಹಿ ಹಾಕುತ್ತೇನೆ, ಎದುರು ಮಾತಾಡುವುದಿಲ್ಲ. ಬುಲ್ಡೋಜರ್ ಮಾರ್ಚ್ ಇಪ್ಪತ್ತೈದಕ್ಕೆ ಬರುತ್ತದೆ. ಇಪ್ಪತ್ತರೊಳಗೆ ನನಗೆ ಉತ್ತರ ಬರಬೇಕು.