ಗೊರಿಲ್ಲಾ ನೋಡೋಕೆ ಕರೆದವರಿಗೆ

ತಿಗನಾರೆ, ತಾಳವಾಡಿ ತಾಲ್ಲೂಕು
24-11-2024, ಭಾನುವಾರ

ಸ್ಪಂದನಳ ಅಪ್ಪನಿಗೆ,

ಸುಧಾಮಣಿ ಮಾಡುವ ನಮಸ್ಕಾರ. ಆರೋಗ್ಯ ಹೇಗಿದೆ? ಒಲೆ ಮುಂದೆ ನಿಂತು ನಿಂತು ಕಾಲು ಊದ್ಕೊಳ್ತದೆ ಅಂದಿದ್ರಿ, ಇಳೀತಾ? ಇಲ್ಲಿ ಅತ್ತೆ ಗಟ್ಟಿಯಾಗೇ ಇದ್ದಾರೆ. ರಾಗಿ ಕೊಯ್ಲಾಯ್ತು, ಆನೆ ತಿಂದು ಬಿಟ್ಟಷ್ಟು ಮನೆಗೆ ಬಂತು. ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು. ಆದ್ರೆ ನಾನು ಬಯ್ಯೋಕೆ ಶುರು ಮಾಡಿದ ತಕ್ಷಣ ನಿಮ್ಮ ಕಡೆ ಟವರ್ ಹೋಗ್ಬಿಡ್ತದೆ. ನಿಮ್ಮ ಲಾಡ್ಜಿಂದ ರಜೆಗೆ ಬಂದಿರೋ ಮುರುಗೇಶಣ್ಣ ಇವತ್ತು ಉಗಾಂಡಕ್ಕೆ ವಾಪಸ್ ಹೊರಡ್ತಾರೆ, ಅವರ ಕೈಲಿ ಈ ಕಾಗದ ಕಳಿಸ್ತಿದ್ದೀನಿ. ಪೂರ್ತಿ ಓದಿ.

ಕ್ರಿಸ್‌ಮಸ್ ರಜೆಗೆ ತಾಯಿ ಮಗಳು ಇಬ್ರೂ ಬನ್ನಿ, ಓನರ್ ಕೆಲಸದವರ ಮನೆಯೋರಿಗೆ ಅಂತ ಪರ್ಮಿಟ್ ಕೊಡ್ತಾರೆ, ಕಾಡಲ್ಲಿ ಗೊರಿಲ್ಲಾ ನೋಡೋಣ ಅಂದ್ರಿ. ಎಷ್ಟು ಸುಲಭವಾಗಿ ಅಂದ್ರಿ! ಆಧಾರಲ್ಲಿ ನಾನು ಸುತಾಮಣಿ, ಸ್ಕೂಲ್ ಟಿ.ಸಿ.ಯಲ್ಲಿ ಸುಧಾಮಣಿ. ಇಬ್ರೂ ಒಬ್ಬಳೇ ಅಂತ ನಂಬಿಸಿ ಪಾಸ್‌ಪೋರ್ಟ್ ತಗೊಳ್ಳೋಷ್ಟರಲ್ಲಿ ಬಸ್ ಕಂಡಕ್ಟರೆಲ್ಲ ನೆಂಟರಾದ್ರು. ಉಗಾಂಡಕ್ಕೆ ಹೋಗೋರು ಹಾಕಿಸ್ಕೊಳ್ಳಲೇಬೇಕಾದ ಹಳದಿ ಜ್ವರದ ಸೂಜಿಗೆ ಮಗಳನ್ನ ಕಟ್ಟಿಕೊಂಡು ಚೆನ್ನೈವರೆಗೂ ಹೋಗಿ ಬಂದೆ. ಅತ್ತೆಯದು ದಿನಾ ಒಂದೇ ರಾಗ: "ಇಲ್ಲಿ ಮುಸುವ ಬಂದು ಮನೆ ಎಂಚ ಕಿತ್ತಾಕ್ತಾವ, ಅದ ನೋಡುದ್ದು ಸಾಲ್ದಾ ಕಣವ್ವ? ಇನ್ನೊಂದ್ ಮುಸುವನ ನೋಡಕ್ಕ ಸಮುದ್ರ ದಾಟ್ಬೇಕಾ?" ನಿಮ್ಮ ಮಗನ್ನೇ ಕೇಳಿ ಅಂದೆ. ಮೇಲೆ ನೀವು ಬೇರೆ, ಬೆಟ್ಟ ಹತ್ತಿ ಅಭ್ಯಾಸ ಮಾಡ್ಕೋ, ಅಲ್ಲಿ ಏದುಸಿರು ಬಿಟ್ರೆ ಆಗಲ್ಲ ಅಂದ್ರಿ. ಬೆಳಿಗ್ಗೆ ಬೂಟು ಹಾಕ್ಕೊಂಡು ಕಾಡಿನ ರಸ್ತೇಲಿ ಹೊರಟ್ರೆ ಫಾರೆಸ್ಟ್ ವಾಚರ್ ಕೇತ ಅಡ್ಡ ನಿಂತ. "ಎಲ್ಲಿಗಕ್ಕ?" ಅಂದ. ಗೊರಿಲ್ಲಾ ನೋಡೋಕೆ ಅಂದೆ. "ಈ ದಾರೀಲಿ ಆನೆ ಅದ ಕಣಕ್ಕ, ಗೊರಿಲ್ಲಾ ಇಲ್ಲ, ವಾಪಸ್ ನಡೀರಿ" ಅಂದ. ಅವತ್ತಿಂದ ಊರಲ್ಲಿ ನನ್ನ ಹೆಸರೇ ಗೊರಿಲ್ಲಾ ಸುಧಾಮಣಿ. ಹಾಲಿನ ಡೈರಿಯವರೂ ಹಾಗೇ ಕರೀತಾರೆ.

ಇದೆಲ್ಲ ಸಹಿಸ್ಕೊಂಡೆ. ಆದ್ರೆ ನಿನ್ನೆ ಮುರುಗೇಶಣ್ಣ ಮನೆಗೆ ಬಂದು ಟೀ ಕುಡೀತಾ, ಮಗಳಿಗೆ ಹದಿನೈದು ತುಂಬಿರೋದು ಒಳ್ಳೇದಾಯ್ತಕ್ಕ, ಇಲ್ಲಾಂದ್ರೆ ಗೊರಿಲ್ಲಾ ಕಾಡಿಗೆ ಬಿಡ್ತಾನೇ ಇರ್ಲಿಲ್ಲ ಅಂದ್ರು. ಯಾರು ಹೇಳಿದ್ದು ಅಂದೆ. "ನಿಮ್ಮೆಜಮಾನ್ರೇ, ಹದಿನಾರು ನಡೀತಾ ಅದ ಅಂದ್ರು." ರೀ, ಅವಳಿಗೆ ಇನ್ನೂ ಹದಿನಾಲ್ಕು. ಏಪ್ರಿಲ್‌ಗೆ ಹದಿನೈದು. ಹೆತ್ತ ಮಗಳ ವಯಸ್ಸು ಗೊತ್ತಿಲ್ವಾ ನಿಮಗೆ? ಅವಳು ಅಲ್ಲೇ ಇದ್ಲು. ಅಳಲಿಲ್ಲ. ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ. "ನಾನೀಗ ಯಾವ ಕ್ಲಾಸು ಅಂತಾದ್ರೂ ಅಪ್ಪನಿಗೆ ಗೊತ್ತಾ ಅವ್ವ?" ಅಂತ ಕೇಳಿ ಲೋಟ ಎತ್ಕೊಂಡು ಒಳಕ್ಕೆ ಹೋದ್ಲು. ನೀವು ಹೊರಟಾಗ ಆರನೇ ಕ್ಲಾಸು, ಈಗ ಒಂಬತ್ತು. ಹಾಸನೂರಿನ ರೆಸಾರ್ಟಲ್ಲಿ ಅಡುಗೆ ಮಾಡ್ತಿದ್ದಾಗ ವಾರಕ್ಕೊಂದು ಸಲ ಆದ್ರೂ ಮುಖ ಕಾಣ್ತಿತ್ತು. ಉಗಾಂಡಕ್ಕೆ ಹೋದ ಮೇಲೆ ಪ್ರತಿ ವರ್ಷ ರಜೆ ಅಂದ್ರೆ ಸೀಸನ್ ಅಂತೀರಿ, ಸೀಸನ್ ಮುಗಿದ್ರೆ ಹೊಸ ಓನರ್ ಅಂತೀರಿ. ಗೊರಿಲ್ಲಾ ಮರಿ ಎಷ್ಟು ತಿಂಗಳದ್ದು ಅಂತ ಫೋಟೋ ಕಳಿಸಿ ಹೇಳ್ತೀರಲ್ಲ, ಅದು ಹೇಗೆ ನೆನಪಿರ್ತದೆ?

ನಾನಂತೂ ಬರಲ್ಲ. ಎರಡೂ ಪರ್ಮಿಟ್ ವಾಪಸ್ ಕೊಟ್ಬಿಡಿ. ಮಗಳನ್ನ ಬಿಟ್ಟು ನಾನೊಬ್ಬಳೇ ಹೋಗಿ ಯಾವ ಪ್ರಾಣಿ ನೋಡ್ಲಿ? ಅತ್ತೆ ಆಶೀರ್ವಾದ ಹೇಳಿದ್ದಾರೆ. ಹುರುಳಿಕಾಳು, ಖಾರದ ಪುಡಿ ಕೊಟ್ಟು ಕಳಿಸಿದ್ದೀನಿ. ಕಾಲಿಗೆ ಬಿಸಿನೀರು ಹಾಕ್ಕೊಳ್ಳಿ.

ಕೋಪದಿಂದಲೇ,
ನಿಮ್ಮ ಸುಧಾಮಣಿ

ಮರೆತ ಮಾತು: ಮುರುಗೇಶಣ್ಣ ಹೊರಗೆ ಬೈಕ್ ಸ್ಟಾರ್ಟ್ ಮಾಡಿ ಕೂತಿದ್ದಾರೆ. ಸ್ಪಂದನ ಕಾಗದ ಕಿತ್ಕೊಂಡು ಓದಿದ್ಲು. ಅವಳ ಮಾತಿಗೆ ಸೋತೆ, ಅವಳ ಪರ್ಮಿಟ್ ಮಾತ್ರ ವಾಪಸ್ ಕೊಡಿ, ನನ್ನದು ಕೊಡಬೇಡಿ. "ಅಜ್ಜಿನ ನಾ ನೋಡ್ಕತೀನಿ, ನೀನು ಓಗವ್ವ. ಗೊರಿಲ್ಲಾ ನೋಡ್ಬುಟ್ಟು ಅಪ್ಪನ್ನ ಕರ್ಕಂಡ್ ಬಾ" ಅಂತಾಳೆ. ಬರ್ತೀನಿ. ಕಾಗದ ಕೈಗೆ ಸಿಕ್ಕಿದ ದಿನವೇ ಓನರ್‌ಗೆ ಹೇಳಿ: ನನಗೆ ಬರೋಕೆ ಒಂದು ಟಿಕೆಟ್, ಊರಿಗೆ ವಾಪಸ್ ಎರಡು.