ನಿಂಬೆಗಿಡದ ಬುಡದ ಗೂಟ

ಭಾನುವಾರ, ಮಧ್ಯಾಹ್ನ

ಪುಟ್ಟೀ,

ಅಮ್ಮನ ಆಶೀರ್ವಾದ. ಫೋನಿನಲ್ಲಿ ಈ ಮಾತು ಬಾಯಿಗೆ ಬರಲಿಲ್ಲ, ಅದಕ್ಕೇ ಕಾಗದ. ನಿಮ್ಮ ಆಫೀಸಿನ ಜೀಪ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಹೊರಡು. ನಾಳೆ ಬೆಳಿಗ್ಗೆ ಗುಂಡಿ ತೋಡುವ ಯಂತ್ರ ಬರುತ್ತದಂತೆ.

ಕರೆಂಟಿನ ಟವರ್ ಏಳುವ ಮುಂಚೆ ನೆಲದಲ್ಲಿ ಹಳೆಯದೇನಾದರೂ ಇದೆಯೇ ಎಂದು ನೋಡುವುದು ನಿನ್ನ ಕೆಲಸ. ಪಕ್ಕದ ಹೊಲದಲ್ಲಿ ಸಾವಿರಾರು ವರ್ಷದ ಗೋರಿಗಳು ಸಿಕ್ಕವೆಂದು ನೀನೇ ಟವರನ್ನು ಈಚೆ ಸರಿಸಿದೆ. ನನಗೂ ಹೆಮ್ಮೆಯಾಯಿತು. ಆದರೆ ಟವರಿನ ಜಾಗ ಗುರುತಿಸುವ ಗೂಟ ಬಂದು ಕೂತದ್ದು ನಮ್ಮ ಹಿತ್ತಲಿನ ನಿಂಬೆಗಿಡದ ಬುಡದಲ್ಲಿ. ನಾನು ಅತ್ತರೆ, ಅಯ್ಯೋ ಅಮ್ಮಾ, ಒಂದು ಗಿಡಕ್ಕೆ ಇಷ್ಟು ರಂಪಾನಾ, ಇನ್ನೊಂದು ನೆಟ್ರಾಯ್ತು ಅಂದೆ.

ಗಿಡ ಹಾಳಾಗಿ ಹೋಗಲಿ ಕಣೇ. ಅದರ ಕೆಳಗೆ ನಿನ್ನ ತಮ್ಮನಿದ್ದಾನೆ.

ಆಗ ನಿನಗೆ ಮೂರು ವರ್ಷ, ಅಜ್ಜಿಯ ಮನೆಯಲ್ಲಿದ್ದೆ. ಹುಟ್ಟಿದ ವಾರಕ್ಕೇ ಹೋದ. ಹೆಸರೂ ಇಟ್ಟಿರಲಿಲ್ಲ. ನಿಮ್ಮಪ್ಪ ಅಲ್ಲೇ ಮಣ್ಣು ಮಾಡಿ, ಗುರುತಿಗೆ ಗಿಡ ನೆಟ್ಟು, ಪುಟ್ಟಿಗೆ ಹೇಳ್ಬೇಡ ಅಂದರು. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅನ್ನುತ್ತಾ ಅವರೂ ಹೋದರು. ಪಾತ್ರೆ ತೊಳೆದ ನೀರು ಹಾಕುವ ನೆಪದಲ್ಲಿ ನಾನು ದಿನಾ ಹೋಗಿ ಅಲ್ಲಿ ನಿಂತು ಬರುತ್ತೇನೆ.

ನಿನ್ನೆ ಇದ್ದದ್ದನ್ನು ಇದ್ದ ಹಾಗೇ ಹೇಳಿ ಟವರ್ ಕೆಲಸದ ಕಂಟ್ರಾಕ್ಟರ್ ಕಾಲು ಹಿಡಿದೆ. ಹಳೇ ಗೋರಿ ಆಗಿದ್ರೆ ನಿಲ್ಲಿಸ್ತಿದ್ವಿ ಅಮ್ಮಾ, ಇದಕ್ಕೆಲ್ಲ ರೂಲ್ಸ್ ಇಲ್ಲ ಅಂದ. ಎಷ್ಟು ಹಳೇದಾಗ್ಬೇಕಪ್ಪಾ ಅಂತ ಕೇಳಿದೆ. ಪೆಚ್ಚಾಗಿ ನಕ್ಕು ಹೋದ. ಯಾರದೋ ಮಕ್ಕಳಿಗೆ ನೀನು ಜಾಗ ಉಳಿಸಿಕೊಟ್ಟೆ. ನನ್ನ ಮಗು ಇನ್ನೂ ಹಳೆಯದಾಗಿಲ್ಲವಂತೆ.

ನನಗೆ ದಿಕ್ಕೇ ತೋಚುತ್ತಿಲ್ಲ, ಪುಟ್ಟೀ. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಬೈಯುವುದಿದ್ದರೆ ಬಂದು ಬೈಯಿ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಆ ಗೋರಿಗಳಲ್ಲಿ ಸಿಕ್ಕವೆಂದು ನೀನು ನಮ್ಮ ಬಚ್ಚಲಿನಲ್ಲಿ ತೊಳೆದು ನನ್ನ ಮೊರದಲ್ಲಿ ಒಣಹಾಕಿದ್ದ ಮಡಕೆ ಚೂರುಗಳಲ್ಲಿ ಒಂದು ಹಿಡಿ ಕದ್ದು ಗಿಡದ ಬುಡದಲ್ಲಿ ಹೂತಿದ್ದೇನೆ. ಕಂಡರೆ ಇದೂ ಹಳೇ ಗೋರಿಯೆಂದು ಕೆಲಸ ನಿಲ್ಲಿಸುತ್ತಾರೆ ಅಂದುಕೊಂಡೆ. ಒಂದೊಂದರ ಹಿಂದೆಯೂ ನೀನು ಶಾಯಿಯಲ್ಲಿ ನಂಬರ್ ಬರೆದದ್ದು ಆಮೇಲೆ ನೆನಪಾಯಿತು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೇರೆಯವರ ಕೈಗೆ ಸಿಕ್ಕರೆ ನಿನ್ನ ಕೆಲಸಕ್ಕೇ ಕುತ್ತು. ತೆಗೆಯಲು ಹೋದೆ, ಅವನಿಗೆ ತಾಗೀತೆಂದು ಮತ್ತೆ ಮಣ್ಣು ಮುಚ್ಚಿ ಬಂದೆ. ನಿನ್ನ ಆ ಸಣ್ಣ ಬ್ರಷ್ಷು ಹಿಡಿದು ನೀನೇ ಬಾ. ಮೊದಲು ನಿನ್ನ ಚೂರು ತೆಗೆದುಕೋ. ಆಮೇಲೆ ಮೆಲ್ಲಗೆ ಅವನನ್ನು ಎತ್ತಿ ನನ್ನ ಕೈಗೆ ಕೊಡು.