ನಿಂತು ನಿಂತು ಹೋಗುವ ಟ್ರಕ್ಕು

ಲ್ಯಾಂಡರ್, ವಯೋಮಿಂಗ್
ಗುರುವಾರ

ಪ್ರೀತಿಯ ತಾತ,

ನಿನ್ನ ಹಳೇ ಟ್ರಕ್ಕು ಎದ್ದು ಕೂತಿದೆ! ದೊಡ್ಡ ಟೈರು ಹಾಕಿಸಿದಾಗ, "ಆನೆಕಾಲು ಕಟ್ಟಿದೀಯಲ್ಲೇ, ಎಳೆಯೋ ಶಕ್ತಿ ಎಲ್ಲಿಂದ ತರ್ತೀಯ?" ಅಂತ ಬೈದೆಯಲ್ಲ, ನಿಜವೇ. ಸಣ್ಣ ಏರಿಗೂ ತಿಣುಕುತ್ತಿತ್ತು. ಈಗ ಹಿಂದಿನ, ಮುಂದಿನ ಎರಡೂ ಆಕ್ಸಲ್‌ಗಳ ಗೇರು ಬದಲಾಯಿಸಿದೆ. ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಬರೋ ಶಾಫ್ಟು ಮೊದಲು ಮೂರೂಮುಕ್ಕಾಲು ಸುತ್ತು ತಿರುಗುತ್ತಿತ್ತು, ಈಗ ಹೆಚ್ಚುಕಡಿಮೆ ಐದು; ಸುತ್ತು ಹೆಚ್ಚಿದಷ್ಟೂ ಎಳೆಯೋ ಶಕ್ತಿ ಹೆಚ್ಚು!

ಗ್ಯಾರೇಜಿನ ಡ್ವೇನ್, "ನಾಲ್ಕೂವರೆ ಸಾಕು ಕಣೇ, ಹೆದ್ದಾರೀಲಿ ಪೆಟ್ರೋಲ್ ಉಳಿಯುತ್ತೆ" ಅಂದ. "ನಂಗೆ ಹೆದ್ದಾರಿ ಬೇಡ, ಅಜ್ಜಿಯ ಬೂದಿ ಹರಡಿದ ಗುಡ್ಡ ಹತ್ತಬೇಕು" ಅಂದೆ.

ಭಾನುವಾರ ನಿನ್ನ ವೃದ್ಧಾಶ್ರಮದ ಬಾಗಿಲಿಗೇ ಬರ್ತೀನಿ. ದಪ್ಪ ಕೋಟು ಹಾಕ್ಕೊಂಡಿರು. "ಘಳಿಗೆಗೊಮ್ಮೆ ಒಂದಕ್ಕೆ ಇಳಿಸಬೇಕು, ಯಾರಿಗೆ ಬೇಕು ಆ ಫಜೀತಿ" ಅಂತ ಅಜ್ಜಿ ಹೋದಾಗಿನಿಂದ ನೀನು ಗುಡ್ಡಕ್ಕೆ ಬರೋದನ್ನ ತಪ್ಪಿಸಿಕೊಳ್ತಾ ಬಂದಿದೀಯ. ಆ ನೆಪ ಇನ್ನು ನಡೆಯಲ್ಲ. ಹೊಸ ಗೇರು ತುಂಬಾ ಬಿಸಿಯಾಗಬಾರದಂತೆ. ಮೊದಮೊದಲು ನಿಧಾನವಾಗಿ ಓಡಿಸಿ, ಆಗಾಗ ನಿಲ್ಲಿಸಿ, ತಣ್ಣಗಾಗೋಕೆ ಬಿಡಲೇಬೇಕಂತೆ. ಅಷ್ಟರಲ್ಲಿ ನೀನು ಪೊದೆ ಹಿಂದೆ ಹೋಗಿ ಬಾ, ಅವಸರವಿಲ್ಲ.

ಯಾರಾದರೂ ಯಾಕೆ ನಿಂತಿರಿ ಅಂದರೆ, ಗೇರು ತಣ್ಣಗಾಗಿಸ್ತಾ ಇದೀವಿ ಅನ್ನೋಣ.

ನಿನ್ನ ಮೊಮ್ಮಗಳು,
ಲೊರೆಟ್ಟಾ